ಶೇವಂತಿಯ ಸುಳಿ, ನನ್ನ ಉಸಿರು

ಕುದುರೆ ಸಾಕಿದವರು ಡಾಕ್ಟರ ಮುಂದೆ ಕುದುರೆಯ ಮಾತನ್ನೇ ಎತ್ತುವುದಿಲ್ಲ. ಮುಚ್ಚಿಡಬೇಕೆಂದಲ್ಲ. "ಮನ್ಯಾಗ ನಾಯಿ, ಬೆಕ್ಕು ಏನರ ಅದಾವೇನು?" ಎಂದು ಅವರು ಕೇಳುತ್ತಾರೆ. "ಇಲ್ರಿ" ಎಂದು ನಾವು ಹೇಳುತ್ತೇವೆ. ಕುದುರೆ ಮನೆಯೊಳಗೆ ಇರುವುದಿಲ್ಲ. ಸೋಫಾದ ಮೇಲೆ ಮಲಗುವುದಿಲ್ಲ. ಅದನ್ನು ನಾಯಿಬೆಕ್ಕಿನ ಸಾಲಿಗೆ ಸೇರಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ನಾನೂ ಅಪ್ಪನೂ ಬೆಳಗಾವಿಯ ಹಲವು ದವಾಖಾನೆಗಳಲ್ಲಿ ಈ ಪ್ರಶ್ನೆಗೆ ಪ್ರಾಮಾಣಿಕವಾಗಿ "ಇಲ್ರಿ" ಎಂದೇ ಉತ್ತರಿಸಿದೆವು, ಚೀಟಿ ಬರೆಸಿಕೊಂಡೆವು, ಗುಳಿಗೆ ನುಂಗಿದೆವು. ನುಂಗಿದವಳು ನಾನೊಬ್ಬಳೇ. ಆದರೆ ಆ ದಿನಗಳಲ್ಲಿ ನನ್ನ ದಮ್ಮು ಇಡೀ ಮನೆಯದಾಗಿತ್ತು. ಹಾಗಾಗಿ ಬಹುವಚನವೇ ಇರಲಿ.

ಇದನ್ನು ಕುದುರೆ ಹತ್ತಲು ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಬರೆಯುತ್ತಿದ್ದೇನೆ. ಬಿದ್ದರೆ ಏನು ಮಾಡಬೇಕು, ಲಾಳ ಸಡಿಲವಾಗಿದೆ ಎಂದು ತಿಳಿಯುವುದು ಹೇಗೆ, ಕುದುರೆ ಮಾತು ಕೇಳದಿದ್ದರೆ ಯಾರ ತಪ್ಪು, ಇವನ್ನೆಲ್ಲ ನಿಮಗೆ ಹೇಳಿಕೊಡುವವರಿದ್ದಾರೆ. ಕುದುರೆಯಿಂದಲೇ ಕಾಯಿಲೆ ಬಂದರೆ, ಆ ಕಾಯಿಲೆಗೆ ಮನೆಯವರು ತಮತಮಗೆ ಬೇಕಾದ ಕಾರಣ ಹಚ್ಚಿದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ನೆನಪನ್ನು ಪೂರ್ತಿ ನಂಬಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಕಾಲದಲ್ಲಿ ದಿನಚರಿ ಬರೆಯುತ್ತಿದ್ದೆ. ಈಗ ತೆಗೆದು ಓದಿದರೆ ಅದರಲ್ಲಿರುವ ನಾನು, ನನ್ನ ನೆನಪಿನಲ್ಲಿರುವ ನಾನು ಇಬ್ಬರೂ ಒಬ್ಬಳೇ ಎಂದು ಅನ್ನಿಸುವುದಿಲ್ಲ.

ಖಾನಾಪುರದ ಬಸಣ್ಣ ಮಾಮಾ ಅವ್ವನ ಅಣ್ಣ. ಹೊಲಮನೆಯ ಜೊತೆಗೆ ಒಂದೆರಡು ಕುದುರೆ ಕಟ್ಟುವುದು ಅವರ ಮನೆಯ ರೂಢಿ. ಗಾಡಿ ಶರ್ಯತ್ತಿಗೆ ಕಟ್ಟುತ್ತಿದ್ದರು, ಮದುವೆಯ ಮೆರವಣಿಗೆಗೆ ಮದುಮಗನನ್ನು ಕೂರಿಸಲು ಕೊಡುತ್ತಿದ್ದರು. ಸಾಲಿ ಸೂಟಿಯಲ್ಲಿ ಅಲ್ಲಿಯೇ ನಾನು ಕುದುರೆ ಹತ್ತಲು ಕಲಿತದ್ದು. ಧಾರವಾಡದಲ್ಲಿ ಎಂ.ಎ. ಮುಗಿಸಿ ಮನೆಗೆ ಬಂದಾಗ ಮಾಮಾನ ಹಟ್ಟಿಯಲ್ಲಿ ಒಂದು ಹೊಸ ಹೆಣ್ಣುಕುದುರೆ ಇತ್ತು. ಕೆಂಬಣ್ಣ, ಹಣೆಯ ಮೇಲೆ ಸಣ್ಣ ಬಿಳಿಚುಕ್ಕೆ. ಹೆಸರು ಶೇವಂತಿ. ಬೇರೆಯವರು ಹತ್ತಿದರೆ ಕಿವಿ ಹಿಂದಕ್ಕೆ ಮಾಡಿ ನಿಂತುಬಿಡುತ್ತಿದ್ದಳು. ನನ್ನನ್ನು ಸಹಿಸಿಕೊಂಡಳು.

"ಈಕಿ ನಿನ್ನ ಮಾತು ಕೇಳ್ತಾಳ ನೋಡು," ಎಂದರು ಮಾಮಾ. "ನನ್ನ ಮಾತು ಮನ್ಯಾಗ ಯಾರೂ ಕೇಳೂದಿಲ್ಲ, ಇದೂ ಕೇಳೂದಿಲ್ಲ. ನೀನ ಇಟ್ಕೊ ತಂಗಿ."

ಶೇವಂತಿ ನನ್ನವಳಾದದ್ದು ಹೀಗೆ. ವಾರದಲ್ಲಿ ಎರಡು ಮೂರು ದಿನ ಬೆಳಗಾವಿಯಿಂದ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗುತ್ತಿದ್ದೆ.

ಮೊದಲು ಮೂಗು. ಖರಾರಾ ಎಂಬ ಹಲ್ಲಿನ ಬ್ರಷ್ಷು ಹಿಡಿದು ಅವಳ ಮೈ ತಿಕ್ಕಲು ನಿಂತರೆ ಸೀನು ಬರುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು. ಧೂಳು ಎಂದುಕೊಂಡೆ. ಖರೇ ಹೇಳಬೇಕೆಂದರೆ ಅದು ಧೂಳೇ, ಆದರೆ ಯಾವುದರ ಧೂಳು ಎಂದು ಕೇಳಿಕೊಳ್ಳಲಿಲ್ಲ. ಆಮೇಲೆ ಎದೆಯಿಂದ ಒಂದು ಸದ್ದು ಹೊರಟಿತು. "ಒಳಗ ಯಾರೋ ಪೀಪಿ ಊದಿಧಂಗ ಕೇಳತೈತಲ್ಲ" ಎಂದು ಅವ್ವ ನನ್ನ ಬೆನ್ನಿಗೆ ಕಿವಿ ಹಚ್ಚಿ ಕೇಳಿದಳು. ಅಜವಾನದ ಶಾಖ ಕೊಟ್ಟಳು, ತುಳಸಿ ಕಷಾಯ ಕುದಿಸಿದಳು.

ಶೇವಂತಿಯ ಬೆನ್ನ ಮೇಲೆ ಕೂತಾಗ ಮಾತ್ರ ಯಾವತ್ತೂ ಉಸಿರು ಕಟ್ಟಲಿಲ್ಲ ಎಂದು ನನ್ನ ನೆನಪು. ಗಾಳಿ ಎದುರಿಗೆ ಬರುತ್ತಿತ್ತು, ಎದೆ ತೆರೆದುಕೊಳ್ಳುತ್ತಿತ್ತು. ದಿನಚರಿಯಲ್ಲಿ ಬೇರೆ ಇದೆ: "ಸೇತುವೆಯ ಹತ್ತಿರ ಇಳಿದು ಕೂತೆ. ಶೇವಂತಿ ಹುಲ್ಲು ಮೇಯ್ದಳು. ಉಸಿರು ಬರಲು ಬಹಳ ಹೊತ್ತಾಯಿತು." ಅದು ನನ್ನದೇ ಅಕ್ಷರ. ಆದರೂ ನನಗೆ ಆ ಸೇತುವೆಯ ಬಳಿ ಕೂತದ್ದು ನೆನಪಿಲ್ಲ. ಪ್ರೀತಿಸಿದ್ದರ ಬಗ್ಗೆ ನೆನಪು ಸಾಕ್ಷಿ ಹೇಳಲು ಬಂದರೆ ಅದನ್ನು ಎರಡು ಸಲ ಪ್ರಶ್ನಿಸಿ ಎಂದು ನಾನೀಗ ಎಲ್ಲರಿಗೂ ಹೇಳುತ್ತೇನೆ.

ಮೊದಲ ಡಾಕ್ಟರು ನನ್ನ ಓಡಾಟದ ವಿವರ ಕೇಳಿ, "ಖಾನಾಪುರದ ಹವಾ ಈಕಿಗೆ ಒಗ್ಗೂದಿಲ್ಲ," ಎಂದರು. ಅಲ್ಲಿಯ ಮಳೆ, ಅಡವಿಯ ತೇವ, ಗೋಡೆಗೆ ಹಿಡಿಯುವ ಬೂಸಲು. ಅದು ಒಪ್ಪುವಂತೆಯೇ ಇತ್ತು. ಖಾನಾಪುರಕ್ಕೆ ಹೋದರೆ ಉಬ್ಬಸ, ಬೆಳಗಾವಿಗೆ ಬಂದು ಎರಡು ದಿನ ಕಳೆದರೆ ಆರಾಮ. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಅವನು ನನ್ನ ಹೋಗುವ ಬರುವ ದಿನ, ಉಬ್ಬಸದ ದಿನ ಎಲ್ಲ ಹೊಂದಿಸಿ ನೋಡಿ, "ಡಾಕ್ಟರು ಹೇಳಿದ್ದು ಕರೆಕ್ಟ್ ಐತಿ. ಜಾಗಾದ್ದ ದೋಷ," ಎಂದು ತೀರ್ಮಾನ ಕೊಟ್ಟ.

ಹಾಗಾದರೆ ಪರಿಹಾರ? ನಾನು ಖಾನಾಪುರಕ್ಕೆ ಹೋಗಬಾರದು. ಆದರೆ ಶೇವಂತಿಯನ್ನು ಬಿಡಲಾರೆ. ಅಂದ ಮೇಲೆ ಶೇವಂತಿಯೇ ಬೆಳಗಾವಿಗೆ ಬರಬೇಕು.

ಈ ಮಾತನ್ನು ಈಗ ಬರೆಯುವಾಗ ನನಗೆ ನಗು ಬರುವುದಿಲ್ಲ. ಓದುವ ನಿಮಗೆ ಬಂದರೆ ನಕ್ಕುಬಿಡಿ. ನಮ್ಮ ಮಹಾಂತೇಶ ನಗರದ ಮನೆಯ ಬಾಜುವಿನ ಸೈಟು ಖಾಲಿ ಇತ್ತು. ಅದರ ಮಾಲಕರ ಒಪ್ಪಿಗೆ ಪಡೆದು ಅಪ್ಪ ತಗಡಿನ ಶೆಡ್ ಹಾಕಿಸಿದ. ಖಾನಾಪುರದಿಂದ ಶೇವಂತಿಯನ್ನು ನಾನೇ ಹತ್ತಿಕೊಂಡು ಬಂದೆ. ಬೆಳಕು ಹರಿಯುವಾಗ ಹೊರಟು, ನಡುವೆ ದೇಸೂರಿನ ಹತ್ತಿರ ನೀರು ಕುಡಿಸಿ, ಮಾಮಾ ಮೋಟರ್ ಸೈಕಲ್ ಮೇಲೆ ಹಿಂದೆ ಹಿಂದೆ ಬರುತ್ತ. ಬೆಳಗಾವಿ ಹತ್ತಿರವಾದಂತೆ ಲಾರಿಗಳ ಸದ್ದಿಗೆ ಅವಳು ಬೆದರಿದಳು. ನಾನು ಅವಳ ಕುತ್ತಿಗೆಗೆ ಕೈಯಿಟ್ಟು ಮಾತಾಡುತ್ತಲೇ ಬಂದೆ. ಮನೆ ಮುಂದೆ ಇಳಿದಾಗ ಓಣಿಯ ಹುಡುಗರೆಲ್ಲ ನೆರೆದಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ದೂರ ಕುದುರೆ ಹತ್ತಿ ಹೋದದ್ದು ಅದೊಂದೇ ಸಲ. ಕಾಯಿಲೆಯನ್ನು ಕೈಯಾರೆ ಲಗಾಮು ಹಿಡಿದು ಮನೆಗೆ ಕರೆತಂದೆ ಎಂದು ಆಗ ಯಾರಿಗೆ ಗೊತ್ತಿತ್ತು.

ಆ ತಿಂಗಳು ಮುಗಿಯುವ ಮೊದಲೇ ಬೆಳಗಾವಿಯ ಹವಾ ಕೂಡ ನನಗೆ ಒಗ್ಗದಾಯಿತು.

ಈಗ ಕಾರಣಗಳಿಗೆ ಬರವಿರಲಿಲ್ಲ. ಎದುರಿನ ಮನೆ ಕಟ್ಟುವ ಸಿಮೆಂಟು. ಬೆಳಗಿನ ಥಂಡಿ. ಕೆಲಸ ಸಿಗದ ಚಿಂತೆ. ಒಬ್ಬ ಡಾಕ್ಟರು ಬಾಯಿಗಿಟ್ಟು ಔಷಧ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಅವ್ವ ಅದನ್ನು ಕೈಯಲ್ಲಿ ಹಿಡಿದು ಅತ್ತಳು. "ಇದರ ಚಟಾ ಹತ್ತಿದ್ರ ಬಿಡೂದಿಲ್ಲಂತ. ಪಂಪಿನ ಹುಡುಗಿ ಅಂತ ಹೆಸರಾದ್ರ ನಾಳೆ ಯಾರು ಬರ್ತಾರ ಕೇಳಾಕ?" ಮಂದಿ ಬಂದಾಗ ಪಂಪು ಅಡುಗೆಮನೆಯ ಕಪಾಟಿಗೆ ಹೋಗುತ್ತಿತ್ತು. ಉಸಿರು ಕಟ್ಟಿದರೆ ನಾನು ನೀರು ಕುಡಿಯುವ ನೆವ ಮಾಡಿ ಒಳಗೆ ಹೋಗಬೇಕು.

ಅಂಥ ದಿನಗಳಲ್ಲಿ ಒಮ್ಮೆ ಮಾಮಾನ ಜೊತೆ ಅವರ ಹೆಂಡತಿ ಗಂಗತ್ತಿ ಬಂದಳು. ನನ್ನನ್ನು ನೋಡಿದಳು, ಶೆಡ್ಡಿಗೆ ಹೋಗಿ ಬಂದಳು, ಅಪ್ಪನ ಮುಂದೆ ಕೂತಳು.

"ಮಾಸ್ತರ, ನಾ ಹೇಳಿದ್ರ ಸಿಟ್ಟು ಬರತೈತಿ ನಿಮಗ. ಆ ಕುದುರಿ ಎದಿ ಕೆಳಗ ಸುಳಿ ಐತಿ. ತಂಗಿನ ಜಾಗಾದಾಗ. ಅಂಥಾವು ಸಾಕಿದವರ ಉಸಿರು ಕಟ್ತಾವ. ನಮ್ಮವರಿಗೆ ತರೂ ಮುಂದನ ಹೇಳಿದ್ದೆ, ಕೇಳಲಿಲ್ಲ."

ತಂಗು ಎಂದರೆ ಜೀನು ಜಾರದಂತೆ ಕುದುರೆಯ ಎದೆಯ ಸುತ್ತ ಬಿಗಿಯುವ ಪಟ್ಟಿ. ಅದರ ಬಗ್ಗೆ ಹೊಸಬರು ಹೆದರುತ್ತಾರೆ, ಕುದುರೆಗೆ ನೋವಾದೀತೆಂದು. ಹೆದರಬೇಡಿ. ತಂಗು ಕಟ್ಟುವಾಗ ಕುದುರೆ ಎದೆಯುಬ್ಬಿಸಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ನಡೆಸಿ, ಅದು ಉಸಿರು ಬಿಟ್ಟ ಮೇಲೆ ಇನ್ನೊಂದು ತೂತಿಗೆ ಬಿಗಿಯಿರಿ, ಬೆರಳು ಒಳಗೆ ಹೋಗುವಷ್ಟು ಸಡಿಲ ಉಳಿಸಿ. ಹಾಗೆ ಬೆರಳು ತೂರಿಸುವಾಗ ದಿನವೂ ನನ್ನ ಕೈಗೆ ಆ ಸುಳಿ ಸಿಗುತ್ತಿತ್ತು. ನಮ್ಮ ನೆತ್ತಿಯ ಮೇಲೆ ಇರುತ್ತದಲ್ಲ, ಕೂದಲು ಸುತ್ತಿಕೊಂಡು ಬೆಳೆದ ಜಾಗ, ಅಷ್ಟೇ. ಎತ್ತು, ಕುದುರೆ ಕೊಳ್ಳುವವರು ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾರೆ ಎಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇಷ್ಟಲಿಂಗ ಪೂಜೆ ಬಿಟ್ಟರೆ ಶಕುನ, ದೃಷ್ಟಿ, ರಾಹುಕಾಲ ಯಾವುದನ್ನೂ ಅಪ್ಪ ಹೊಸ್ತಿಲೊಳಗೆ ಬಿಟ್ಟವನಲ್ಲ.

ಅಪ್ಪ ನಕ್ಕ. "ಗಂಗವ್ವ, ನಿಮ್ಮ ನೆತ್ತಿ ಮ್ಯಾಲೂ ಸುಳಿ ಐತಲ್ರಿ. ನಮ್ಮ ಬಸಣ್ಣನ ಉಸಿರು ಇನ್ನೂ ಆಡಾಕತ್ತೈತಲ್ಲ?"

"ಆಡತೈತಿ, ಆದ್ರ ಆಕಿ ಹೇಳಿದಾಗ ಅಷ್ಟ," ಎಂದರು ಮಾಮಾ. ಎಲ್ಲರೂ ನಕ್ಕೆವು. ಗಂಗತ್ತಿ ನಗಲಿಲ್ಲ.

"ನಗ್ರಿ, ನಗ್ರಿ. ಹುಡುಗಿ ನಗಾಕ ಹೋಗಿ ಕೆಮ್ಮಾಕತ್ತಾಳ, ಅದನ್ನರ ನೋಡ್ರಿ," ಎಂದಳು.

ಆ ದಿನದಿಂದ ಶೇವಂತಿ ನಮ್ಮ ಮನೆಯಲ್ಲಿ ಕುದುರೆಯಾಗಿ ಉಳಿಯಲಿಲ್ಲ, ತತ್ವವಾದಳು. ಅವಳ ಪಕ್ಕದಿಂದ ಸರಿದರೆ ಗಂಗತ್ತಿಯ ಸುಳಿಗೆ ಸೋತಂತೆ. ಅಪ್ಪ ನನ್ನ ಮಂಚವನ್ನು ಶೆಡ್ಡಿನ ಕಡೆ ಕಿಟಕಿಯಿರುವ ಕೋಣೆಗೆ ಹಾಕಿಸಿದ. "ಹೆದರಿ ದೂರ ಹೋದ್ರ ಅವರ ಮಾತು ಖರೇ ಮಾಡಿಧಂಗ ಆಗತೈತಿ. ಕಿಟಕಿ ತಗದು ಮಲ್ಕೋ. ಒಂದ ತಿಂಗಳು ನೋಡೂಣು," ಎಂದ. ನನಗೂ ಹೆಮ್ಮೆಯೇ. ಒಬ್ಬ ಮನುಷ್ಯ ವಿಚಾರವಂತನಾಗಿದ್ದಾನೆ ಎಂದು ತೋರಿಸಲು ಮಗಳ ಎದೆಯನ್ನು ಪಣಕ್ಕಿಟ್ಟ ಎಂದು ಈಗ ಬರೆಯಬಹುದು. ಆದರೆ ಮಗಳೂ ಖುಷಿಯಿಂದ ಕೊಟ್ಟಳು. ಸುಳಿ ಸುಳ್ಳು, ಆದ್ದರಿಂದ ಕುದುರೆ ನಿರಪರಾಧಿ: ಈ ಎರಡು ವಾಕ್ಯಗಳ ನಡುವೆ ಯಾವ ಸಂಬಂಧವೂ ಇಲ್ಲ ಎಂದು ಎಂ.ಎ. ಓದಿದವಳಿಗೆ ಕಾಣಲಿಲ್ಲ, ವಿಜ್ಞಾನ ಕಲಿಸುವವನಿಗೂ ಕಾಣಲಿಲ್ಲ.

ಎದೆಯ ಡಾಕ್ಟರ ದವಾಖಾನೆಯ ಬೆಂಚುಗಳು ಆ ಮಳೆಗಾಲದಲ್ಲಿ ನನಗೆ ನಮ್ಮ ಮನೆಯ ಪಡಸಾಲೆಯಷ್ಟೇ ಪರಿಚಯವಾದವು. ಅಲ್ಲಿ ಕೆಮ್ಮುವವರಿಗೆ ಕೆಮ್ಮುವವರೇ ಜೊತೆ. ಒಬ್ಬರ ಕೆಮ್ಮು ನಿಂತರೆ ಉಳಿದವರು ತಿರುಗಿ ನೋಡುತ್ತಾರೆ. ಒಮ್ಮೆ ನಾನು ಗೋಡೆಗೆ ಆತು ಕೂತು ಬಾಯಿ ತೆರೆದು ಉಸಿರೆಳೆಯುತ್ತಿದ್ದಾಗ ಸಾಂಬ್ರಾದಿಂದ ಬಂದಿದ್ದ ಒಬ್ಬ ಅಜ್ಜಿ ನನ್ನ ತೊಡೆ ತಟ್ಟಿದಳು.

"ಹಿಂದ ಆತ್ಕೋಬ್ಯಾಡ ನನ್ನವ್ವ. ಮುಂದ ಬಾಗು. ಮಣಕಾಲ ಮ್ಯಾಲೆ ಕೈ ಊರು. ಹಾಂ, ಹಂಗ. ಈಗ ತುಟಿ ಸಣ್ಣ ಮಾಡಿ ಬಿಡು, ದೀಪಾ ಊದಿಧಂಗ."

ಮಾಡಿದೆ. ಸ್ವಲ್ಪ ಗಾಳಿ ಬಂತು.

"ಎಷ್ಟು ದಿನಾ ಆತು?" ಎಂದು ಕೇಳಿದಳು.

"ವರ್ಷಾತ್ರಿ."

"ನಂದು ಲಗ್ನಾದಾಗಿಂದ ಐತಿ. ಗಂಡ ಸತ್ತ, ಅತ್ತಿ ಸತ್ತಳು, ದಮ್ಮು ಅಂತೂ ಬಿಟ್ಟು ಹೋಗಲಿಲ್ಲ. ಭಾಳ ನಿಯತ್ತಿನ ಜಡ್ಡು," ಎಂದು ಬಾಯಿತುಂಬ ನಕ್ಕಳು. ತನ್ನ ಪಾಳಿ ಬಂದಾಗ "ಈ ಕೂಸು ಮೊದಲ ಹೋಗಲಿ" ಎಂದು ನನ್ನನ್ನು ಒಳಗೆ ಕಳಿಸಿದಳು. ಆ ವರ್ಷ ನನಗೆ ಸಿಕ್ಕ ವೈದ್ಯದಲ್ಲಿ ಮೊದಲ ಬಾರಿಗೆ ಕೆಲಸ ಮಾಡಿದ್ದು ಅವಳದು. ಒಳಗೆ ಡಾಕ್ಟರು ನಾಯಿ ಬೆಕ್ಕು ಕೇಳಿದರು. ಇಲ್ರಿ ಎಂದೆವು.

ಆಯುಧಪೂಜೆಯ ಖಂಡೇ ನವಮಿಯ ದಿನ ಮಾಮಾ, ಗಂಗತ್ತಿ ಖಾನಾಪುರದಿಂದ ಬಂದರು. ಕುದುರೆಯ ಮೈ ತೊಳೆದು, ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ ಪೂಜೆ ಮಾಡುವುದು ಅವರ ಮನೆಯ ಪದ್ಧತಿ. ಅಪ್ಪನಿಗೆ ಪೂಜೆ ಬೇಕಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಹೊರಗೆ ಮಳೆ ಜಿನುಗುತ್ತಿತ್ತು. ಹಾಗಾಗಿ ನಾನು ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಳಗೇ ಅವಳ ಮೈ ತಿಕ್ಕಿದೆ. ಚಳಿಗಾಲದ ಕೂದಲು ಬರುವ ಮೊದಲು ಹಳೆಯದು ಉದುರುತ್ತದೆ. ಖರಾರಾ ಎಳೆದಲ್ಲೆಲ್ಲ ಕೆಂಪು ಕೂದಲು, ಬೂದಿಯಂಥ ಹೊಟ್ಟು ಏಳುತ್ತಿತ್ತು. ಬಾಲ ಬಿಡಿಸುತ್ತಿದ್ದೆ. ಅಷ್ಟು ನೆನಪಿದೆ.

ಉಳಿದದ್ದು ಬೇರೆಯವರು ಹೇಳಿದ್ದು. ಶೇವಂತಿ ಕಾಲಿನಿಂದ ತಗಡಿಗೆ ಒದ್ದ ಸದ್ದು ಕೇಳಿ ಗಂಗತ್ತಿ ಓಡಿಬಂದಳಂತೆ. ನನ್ನ ತುಟಿ ನೀಲಿಯಾಗಿತ್ತಂತೆ. ಆಟೋದಲ್ಲಿ ಅಪ್ಪನ ತೊಡೆಯ ಮೇಲೆ ತಲೆಯಿತ್ತು. ನಾನು "ಬಾಲ ಇನ್ನೂ ಅರ್ಧಾ ಉಳದೈತಿ" ಎಂದೆನಂತೆ. ಇದನ್ನು ಅವ್ವ ಮಂದಿಗೆ ಹೇಳುವಾಗ ನಗುತ್ತಾಳೆ. ನಾನು ಹಾಗೆ ಅಂದೆನೆಂದು ನನಗೆ ನಂಬಿಕೆಯಿಲ್ಲ. ಮಾತಾಡುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಮೂಗುಬಾಯಿ ಮುಚ್ಚುವ ಮಾಸ್ಕಿನಿಂದ ಔಷಧದ ಹಬೆ ಒಳಗೆ ಹೋಗುತ್ತಿದ್ದಾಗ ಎಚ್ಚರವಾಯಿತು. ಅದೇ ಎದೆಯ ಡಾಕ್ಟರು. ಇಷ್ಟು ಔಷಧ ಕೊಟ್ಟರೂ ಹೀಗೇಕಾಯಿತೆಂದು ಅವರು ಅಪ್ಪನನ್ನು ಕೇಳುತ್ತಿದ್ದರು. ಗಂಗತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಡುವೆ ಬಾಯಿ ಹಾಕಿದಳು.

"ಸಾಹೇಬರ, ಔಷಧದಿಂದ ಏನಾಗತೈತ್ರಿ? ಆ ಕುದುರಿ ಸುಳಿ ಛಲೋ ಇಲ್ಲ."

ಅಪ್ಪನ ಮುಖ ಕೆಂಪಾಯಿತು. "ಗಂಗವ್ವ, ಸುಮ್ಮನಿರ್ರಿ. ಡಾಕ್ಟರ ಮುಂದ ಅಂಥಾದ್ದೆಲ್ಲಾ ಮಾತಾಡಬಾರ್ದು. ಹಳ್ಳಿ ಮಂದಿರೀ ಸರ್, ಏನೋ ಅಂತಾರ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಯಾವ ಕುದುರಿ?" ಎಂದರು.

ಆಮೇಲೆ ಒಂದೊಂದೇ ಕೇಳಿದರು. ಕುದುರೆ ಎಲ್ಲಿರುತ್ತದೆ, ಮೈ ಯಾರು ತಿಕ್ಕುತ್ತಾರೆ, ನಾನು ಎಲ್ಲಿ ಮಲಗುತ್ತೇನೆ, ಅದರ ಜೊಲ್ಲು ತಾಗಿದಲ್ಲಿ ದದ್ದು ಏಳುತ್ತದೆಯೇ. ಅಪ್ಪ ಉತ್ತರ ಕೊಡುತ್ತ ಹೋದ. ಅವನ ದನಿ ಪ್ರತಿ ಉತ್ತರಕ್ಕೂ ಸಣ್ಣದಾಯಿತು. ಕಡೆಗೆ ಡಾಕ್ಟರು ಕೇಳಿದರು: "ಮೊದಲ ಖಾನಾಪುರದಾಗ ತ್ರಾಸು, ಬೆಳಗಾಂವಿಗೆ ಬಂದ್ರ ಆರಾಮ ಅಂದ್ರೆಲ್ಲ. ಆವಾಗ ಕುದುರಿ ಎಲ್ಲಿತ್ತು, ಮಾಸ್ತರ?"

ಮಾಸ್ಕಿನ ಯಂತ್ರ ಗುರುಗುಟ್ಟುತ್ತಿತ್ತು.

"ನಾ ಏನು ಹೇಳಿದ್ದೆ!" ಎಂದಳು ಗಂಗತ್ತಿ.

ಡಾಕ್ಟರು ಅವಳಿಗೆ ತಿಳಿಹೇಳಲು ನೋಡಿದರು. ಸುಳಿಯಲ್ಲ, ಕುದುರೆಯ ಕೂದಲಿನ ಹೊಟ್ಟು; ಕೆಲವರ ಮೈಗೆ ಅದು ಆಗಿಬರುವುದಿಲ್ಲ; ಯಾವ ಕುದುರೆಯಾದರೂ ಅಷ್ಟೇ. ಗಂಗತ್ತಿ ತಲೆಯಾಡಿಸುತ್ತ ಕೇಳಿದಳು. ಅವಳ ಕಿವಿಗೆ ಬಿದ್ದದ್ದು ಒಂದೇ: ಡಾಕ್ಟರು ಸುದ್ದಾ ಕುದುರಿದ್ದ ದೋಷ ಅಂದ್ರು. ನಿಜ ತಿಳಿಯಿತು, ಆದರೆ ಅದನ್ನು ದವಾಖಾನೆಗೆ ಕರೆತಂದದ್ದು ಸುಳ್ಳು. ಇದನ್ನು ಎಷ್ಟು ಸಲ ಬರೆದರೂ ನನ್ನ ಕಹಿ ಕಡಿಮೆಯಾಗಿಲ್ಲ. ಅಪ್ಪನ ವಿಚಾರ ನನ್ನನ್ನು ಕೊಲ್ಲುವುದರಲ್ಲಿತ್ತು. ಗಂಗತ್ತಿಯ ಮೂಢನಂಬಿಕೆ ಉಳಿಸಿತು. ಇದರಿಂದ ಯಾವ ಪಾಠ ಕಲಿಯಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಬೇರೆ ದಾರಿಯಿಲ್ಲವೇ ಎಂದು ನಾನು ಡಾಕ್ಟರನ್ನು ಕೇಳಿದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ? ಮೈ ತಿಕ್ಕುವುದನ್ನು ಬೇರೆಯವರಿಗೆ ಬಿಟ್ಟು, ನಾನು ಬರೀ ಹತ್ತಿದರೆ? ಅವರು ಕನ್ನಡಕ ತೆಗೆದಿಟ್ಟರು. "ಸ್ವಲ್ಪ ತ್ರಾಸು ಇದ್ದವರಿಗೆ ಹಂಗ ಹೇಳತೀನವ್ವಾ. ನಿನಗ ಹೇಳಾಂಗಿಲ್ಲ. ಮುಂದಿನ ಸಲ ಆಟೋ ಸಿಗದಿದ್ರ?"

ಶೇವಂತಿಯನ್ನು ಟೆಂಪೋದಲ್ಲಿ ಖಾನಾಪುರಕ್ಕೆ ಸಾಗಿಸಿದ ದಿನ ನನ್ನನ್ನು ಮಾಳಿಗೆಯ ಕೋಣೆಯಲ್ಲಿ ಕಿಟಕಿ ಮುಚ್ಚಿ ಕೂರಿಸಿದರು. ಗಾಜಿನಿಂದ ನೋಡಿದೆ. ಹಲಗೆ ಹತ್ತಲು ಅವಳು ಒಪ್ಪಲಿಲ್ಲ. ಮಾಮಾ ಎಳೆದರು, ಅಪ್ಪ ಹಿಂದಿನಿಂದ ತಳ್ಳಿದ. ನಾನು ಹೋಗಿ ಕುತ್ತಿಗೆಗೆ ಕೈಯಿಟ್ಟಿದ್ದರೆ ಹತ್ತುತ್ತಿದ್ದಳು. ಕಡೆಗೆ ಕಣ್ಣಿಗೆ ಗೋಣಿಚೀಲ ಕಟ್ಟಿ ಹತ್ತಿಸಿದರು.

ನನ್ನ ಉಬ್ಬಸ ಕೆಲವು ವಾರಗಳಲ್ಲಿ ಇಳಿಯಿತು. ಇದು ಮುಖ್ಯ. ಮುಂದಿನದನ್ನು ಓದುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಶೇವಂತಿಗೆ ಮಾತ್ರ ಎಲ್ಲಿಯೂ ಜಾಗವಿರಲಿಲ್ಲ. ಗಂಗತ್ತಿ ತನ್ನ ಹಟ್ಟಿಯಲ್ಲಿ ಕಟ್ಟಲು ಬಿಡಲಿಲ್ಲ. ಮಾಮಾ ಊರಾಚೆ ಹೊಲದ ಗುಡಿಸಲಲ್ಲಿ ಕಟ್ಟಿದರು. ಮದುವೆಯವರು ಬಂದು ಕುದುರೆ ಕೇಳಿ, ಯಾವುದೆಂದು ತಿಳಿದ ಕೂಡಲೇ ಬೇಡವೆಂದರು. ಉಸಿರು ಕಟ್ಟುವ ಕುದುರೆಯ ಮೇಲೆ ಯಾವ ಮದುಮಗ ಕೂರುತ್ತಾನೆ? ಒಬ್ಬ ಗಿರಾಕಿ, ಮರಾಠಿ ಮಾತಾಡುವವನು, ತನ್ನ ಮಗನಿಗೆ ಸವಾರಿ ಕಲಿಸಲು ಕುದುರೆ ಹುಡುಕುತ್ತ ನಮ್ಮ ಮನೆಗೇ ಬಂದ. ಅಪ್ಪ ಅವನಿಗೆ ಎಲ್ಲ ಬಿಡಿಸಿ ಹೇಳಿದ. ಹೊಟ್ಟು, ಅಲರ್ಜಿ, ಸಾವಿರ ಜನ ಕುದುರೆ ಸಾಕಿ ಆರಾಮಾಗಿರುವುದು. ತರಗತಿಯಲ್ಲಿ ಹೇಳುವಂತೆ ಹೇಳಿದ. ಆ ಮನುಷ್ಯ ಚಹಾ ಮುಗಿಸಿ ಕೇಳಿದ:

"ಮಾಸ್ತರ, ಸುಳಿ ಬಿಡ್ರಿ, ನಾನೂ ನಂಬೂದಿಲ್ಲ. ಆದ್ರ ಡಾಕ್ಟರು ಕುದುರಿ ಬ್ಯಾಡ ಅಂದಿದ್ದು ಖರೇ ಹೌದಲ್ಲ?"

"ಹೌದು, ಆದ್ರ..."

"ಝಾಲಂ ಮಗ, ಮುಗೀತಲ್ಲ. ಬರ್ತೀನ್ರಿ."

ಇಂಥ ಕುದುರೆಗೆ ಅಲ್ಲಿಯವರು ಒಂದು ಪರಿಹಾರ ಇಟ್ಟುಕೊಂಡಿದ್ದಾರೆ. ಕಬ್ಬಿಣ ಕೆಂಪಗೆ ಕಾಸಿ ಸುಳಿಯ ಮೇಲೆ ಬರೆ ಹಾಕುವುದು. ಕೂದಲು ಮತ್ತೆ ಬೆಳೆಯದಂತೆ ಸುಟ್ಟರೆ ಸುಳಿಯಿಲ್ಲ, ಸುಳಿಯಿಲ್ಲದಿದ್ದರೆ ದೋಷವಿಲ್ಲ. ಮಾಮಾ ಈ ಮಾತು ತೆಗೆದುಕೊಂಡು ಬಂದರು. ಕೂತು ನೆಲ ನೋಡುತ್ತಲೇ ಹೇಳಿದರು. ಮಾಮಾಗೂ ಮನಸ್ಸಿರಲಿಲ್ಲ.

"ಹಿಂಗ ಇಟ್ರ ಹೊಲದಾಗ ನಿಂತು ನಿಂತು ಸಾಯತೈತ್ರಿ ಮಾಸ್ತರ. ಸುಟ್ರ ಯಾರರ ಒಯ್ತಾರ."

ಅಪ್ಪ "ಹಾಕಸ್ರಿ," ಎಂದ. ನನ್ನ ನೆನಪು ಹೀಗಿದೆ. ತಾನು ಹಾಗೆ ಹೇಳಲೇ ಇಲ್ಲ, "ನಿಮಗ ಬಿಟ್ಟದ್ದು" ಎಂದೆ ಎಂದು ಅಪ್ಪ ಅನ್ನುತ್ತಾನೆ. ದಿನಚರಿಯಲ್ಲಿ ಆ ದಿನ ಮಾಮಾ ಬಂದು ಹೋದದ್ದಷ್ಟೇ ಇದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಇಬ್ಬರೂ ನನ್ನ ಕಡೆ ನೋಡಿದರು ಎಂದೂ ನೆನಪು. ನಾನು ಏನಾದರೂ ಅಂದೆನೇ? ಬೇಡ ಎಂದು ಕೂಗಿದ ಒಂದು ದೃಶ್ಯ ನನ್ನ ತಲೆಯಲ್ಲಿದೆ. ಅದು ಆಮೇಲೆ ನಾನೇ ಕಟ್ಟಿಕೊಂಡದ್ದಿರಬೇಕು. ಯಾಕೆಂದರೆ ಬೇರೆ ಯಾರಿಗೂ ಅದು ನೆನಪಿಲ್ಲ.

ಬರೆ ಹಾಕಿದರು. ಗಾಯ ಮಾಯುವ ಮೊದಲೇ ಗಿರಾಕಿ ಸಿಕ್ಕ. ಕಣಕುಂಬಿ ದಾಟಿ ಘಟ್ಟದ ಕೆಳಗಿನ ಊರಿನ ಬ್ಯಾಂಡಿನವನು, ಮದುವೆ ಮೆರವಣಿಗೆಗೆ ಒಯ್ದ.

"ತಂಗು ಕಟ್ಟಿದ್ರ ಗಾಯಕ್ಕ ಹತ್ತೂದಿಲ್ಲೇನು ಮಾಮಾ?" ಎಂದು ಕೇಳಿದೆ.

"ನಡುವ ಅರಿವಿ ಮಡಚಿ ಇಟ್ಟು ಕಟ್ತಾನಂತ," ಎಂದರು ಮಾಮಾ.

ಆ ಯುಗಾದಿಗೆ ಗಂಗತ್ತಿ ಬಂದು ನನ್ನ ಗದ್ದ ಹಿಡಿದು ನೋಡಿದಳು. "ಹೆಂಗ ಮಾರಿ ಮ್ಯಾಲೆ ಕಳೆ ಬಂದೈತಿ! ಸುಳಿ ಸುಟ್ಟಿದ್ದ ತಡಾ, ಉಸಿರು ಹಗುರಾತು ನೋಡು." ಅದಕ್ಕೂ ಬಹಳ ಮೊದಲೇ, ಕುದುರೆ ಈ ಮನೆ ಬಿಟ್ಟಾಗಲೇ ಉಬ್ಬಸ ಇಳಿದಿತ್ತು ಅತ್ತಿ, ಎಂದೆ. "ಇಳದಿತ್ತು, ಪೂರಾ ಹೋಗಿದ್ದಿಲ್ಲ," ಎಂದಳು. ಅದೂ ನಿಜವೇ. ಚಳಿಗಾಲವಿಡೀ ಸ್ವಲ್ಪ ಸ್ವಲ್ಪ ಇತ್ತು. ಬೇಸಿಗೆಗೆ ಹೋಯಿತು. ನಡುವೆ ಬರೆ ಬಿದ್ದಿತ್ತು. ಖಾನಾಪುರದ ಸುತ್ತಮುತ್ತ ಕುದುರೆ ಸಾಕುವವರ ಮನೆಗಳಲ್ಲಿ ನನ್ನ ಕಥೆ ಹಬ್ಬಿತು, ಕಲಿತ ಮಾಸ್ತರನ ಮಗಳ ದಮ್ಮು ಹೋದ ಕಥೆ. ನಾನು ಚೆನ್ನಾಗಿ ಉಸಿರಾಡಿದಷ್ಟೂ ಆ ಕಥೆಗೆ ಬಲ ಬರುತ್ತದೆ. ಅದನ್ನು ಸುಳ್ಳು ಮಾಡಲು ನಾನು ಮತ್ತೆ ಕಾಯಿಲೆ ಬೀಳಬೇಕು.

ಈಗ ಪಂಪು ನನ್ನ ಚೀಲದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕುದುರೆ ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಸವಾರಿ ಕಲಿಯುವ ಮಕ್ಕಳು, ಅವರ ತಂದೆತಾಯಿ ಆಗಾಗ ಸಲಹೆ ಕೇಳಲು ಬರುತ್ತಾರೆ. ನಾನು ಹೇಳುವುದು ಇಷ್ಟೇ. ಮೈ ತಿಕ್ಕುವಾಗ ಸೀನು ಬಂದರೆ ಬಯಲಿನಲ್ಲಿ ತಿಕ್ಕಿ. 'ಕುದುರೆ ಇದೆ' ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ. ಎದೆ ಸದ್ದು ಮಾಡಿದರೆ ಮುಚ್ಚಿಡಬೇಡಿ. ಕುದುರೆ ಕೈತಪ್ಪೀತು ಎಂದು ಹೆದರುತ್ತೀರಿ, ನನಗೆ ಗೊತ್ತು. ಬೇಗ ಹೇಳಿದರೆ ಬಹುಶಃ ತಪ್ಪುವುದಿಲ್ಲ. ತಡಮಾಡಿದರೆ ತಪ್ಪುತ್ತದೆ.

ಇದನ್ನು ಸಂಶಯವಿಲ್ಲದೆ ಹೇಳುತ್ತಿದ್ದೆ, ಕಳೆದ ವರ್ಷ ಖಾನಾಪುರದ ಕಡೆಯ ಒಬ್ಬ ರೈತ ಮಗಳನ್ನು ಕರೆದುಕೊಂಡು ಬರುವವರೆಗೆ.

ಹುಡುಗಿ ಹೈಸ್ಕೂಲು ಓದುತ್ತಿದ್ದಳು, ಹೆಸರು ಪೂಜಾ. ಗೇಟಿನಲ್ಲಿರುವಾಗಲೇ ಅವಳ ಎದೆಯ ಸದ್ದು ನನಗೆ ಕೇಳಿಸಿತು. ಅವಳ ಅಪ್ಪ ಕುರ್ಚಿಯ ತುದಿಗೆ ಕೂತು, ಸಂಕೋಚದಿಂದ ವಿಷಯ ತೆಗೆದ.

"ಬಸಣ್ಣನವರು ನಿಮ್ಮ ಕಡೆ ಕೇಳು ಅಂದ್ರು ಬಾಯಾರ. ನಮ್ಮ ಕುದುರಿಗೂ ಅದ ಜಾಗಾದಾಗ ಸುಳಿ ಇತ್ರಿ. ಹ್ವಾದ ತಿಂಗಳು ಸುಟ್ಟೀವಿ. ಆದ್ರೂ ಹುಡುಗಿಗೆ ಕಡಿಮಿ ಆಗವಲ್ದು. ನಿಮ್ಮದಕ್ಕ ಒಂದ ಸಲ ಹಾಕಿದ್ರೋ, ಎರಡ ಸಲಾನೋ?"

ನೀರು ತರುತ್ತೇನೆಂದು ಒಳಗೆ ಹೋದೆ. ಪೂಜಾ ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ನನ್ನ ಪಂಪು ಕೊಟ್ಟು ಎಳೆದುಕೊಳ್ಳಲು ಹೇಳಿಕೊಟ್ಟೆ. ಉಸಿರು ಸ್ವಲ್ಪ ತಿಳಿಯಾದ ಮೇಲೆ ಪಿಸುಗುಟ್ಟಿದಳು:

"ಅಕ್ಕಾರ, ಕುದುರಿಯಿಂದ ಅಂತ ಹೇಳಬ್ಯಾಡ್ರಿ. ನನಗ ಗೊತ್ತೈತ್ರಿ ಅದರಿಂದನ ಅಂತ. ಹೇಳಿದ್ರ ಇನ್ನೊಮ್ಮೆ ಸುಡ್ತಾರ."

ಇಷ್ಟು ವರ್ಷ ಎಲ್ಲರಿಗೂ ಕೊಟ್ಟ ಸಲಹೆ ನನ್ನ ಬಾಯಲ್ಲಿಯೇ ನಿಂತಿತು. ನಿಜ ಹೇಳಿ, ಬೇಗ ಹೇಳಿ. ಹೇಳಿದರೆ ಕಬ್ಬಿಣ ಕಾಯುತ್ತದೆ.

ಹೊರಗೆ ಬಂದು ಅವಳ ಅಪ್ಪನ ಮುಂದೆ ಕೂತೆ. "ಕುದುರಿದು ಏನೂ ಇಲ್ರಿ," ಎಂದೆ. "ಒಣ ಮೇವಿನ ಧೂಳು ಈಕಿಗೆ ಆಗಿಬರೂದಿಲ್ಲ. ಶೆಡ್ಡಿನೊಳಗ ಕಳಸಬ್ಯಾಡ್ರಿ, ಮೈ ತಿಕ್ಕಾಕ ಹಚ್ಚಬ್ಯಾಡ್ರಿ. ನಾಳೆ ನಮ್ಮ ಡಾಕ್ಟರ ಕಡೆ ಕರಕೊಂಡು ಬರ್ರಿ, ನಾನ ಜೋಡಿ ಬರ್ತೀನಿ." ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳಿಡಬೇಕೆಂದು ಮನಸ್ಸಿನಲ್ಲಿಯೇ ಅಂದುಕೊಂಡೆ. ರೋಗಿಯ ಮನೆಯವರಿಗೆ ಒಂದು, ಡಾಕ್ಟರಿಗೆ ಒಂದು. ಅಪ್ಪ ಪಕ್ಕದ ಕೋಣೆಯಲ್ಲಿ ಪೇಪರ್ ಹಿಡಿದು ಕೂತಿದ್ದ. ಹಾಳೆ ತಿರುಗಿಸುವ ಸದ್ದು ನಿಂತಿತ್ತು.

"ಬರೀ ಧೂಳಾ?" ಎಂದ ಆ ರೈತ.

"ಬರೀ ಧೂಳು."

ಅವನು ಮಗಳ ಕಡೆ ನೋಡಿದ, ತನ್ನ ಅಂಗೈ ನೋಡಿಕೊಂಡ.

"ಹಂಗಾರ ಆ ಮೂಕಪ್ರಾಣೀನ್ನ ಸುಮ್ಮ ಸುಟ್ಟಿವಲ್ರೀ," ಎಂದ.

ಶೇವಂತಿಯ ಬಗ್ಗೆ ಈ ಮಾತನ್ನು ನಮ್ಮ ಮನೆಯಲ್ಲಿ, ನಿಜ ತಿಳಿದ ನಮ್ಮಲ್ಲಿ, ಯಾರೂ ಇವತ್ತಿನವರೆಗೆ ಆಡಿಲ್ಲ.